ಗುಳಿ

ಗಡಿಯಾರ ಕಂಬ ದಾಟಿ ಮಲೆತಿರಿಕೆ ಕಡೆ ಹತ್ತುವಾಗ
ಎಡಕ್ಕೆ ಮೂರನೇ ಬಾಗಿಲು ನಮ್ಮದು.
ಬೋರ್ಡಿನಲ್ಲಿ ‘ಕೋವಿ ರಿಪೇರಿ’ ಎಂದಿತ್ತು,
‘ಕೋ’ ಉದುರಿ ಎರಡು ಮಳೆಗಾಲವಾಯಿತು.
ಬರುವವರಿಗೆ ಗೊತ್ತು. ಬಾರದವರಿಗೆ ಬೇಕಿಲ್ಲ.

ಈ ಸಲ ಬಂದವನು ಬಾರದವರ ಪೈಕಿ:
ಪುಣೆಯ ಪರಾಂಜಪೆ, ಕಂಪನಿಯ ಎಂಜಿನಿಯರು.
ಕಾಲುಚೀಲದೊಳಗಿನ ಜಿಗಣೆಗೆ ಉಪ್ಪು ಹಾಕಿಸಿಕೊಂಡು
ಬೆವರು ಒರೆಸಿ, ವರ್ನಿಯರ್ ತೆಗೆದು ಮೇಜಿನ ಮೇಲಿಟ್ಟು
‘ನಿಮ್ಮಲ್ಲೊಂದು ಕುಟ್ರ ಇದೆಯಂತೆ’ ಎಂದ,
ದೇವರ ಕೋಣೆಯ ಹೊಸ್ತಿಲಲ್ಲಿ ನಿಂತವನ ದನಿಯಲ್ಲಿ.

ಕಂಪನಿ ಇಟ್ಟದ್ದು ಬರೀ ನಂಬರು.
ಸ್ಲೈಡ್ ಎಳೆದರೆ ಕುಟ್ರುಹಕ್ಕಿ ಗಂಟಲು ಸರಿಮಾಡಿಕೊಂಡ ಹಾಗೆ,
ಹೆಸರು ವಿರಾಜಪೇಟೆಯದು.
ಎಪ್ಪತ್ತೇಳರಲ್ಲಿ ಕಾರ್ಖಾನೆ ಕೈ ತೊಳೆದುಕೊಂಡಿತು.
ಆಮೇಲೆ ಅವಕ್ಕೆ ನೆಗಡಿ ಬಂದರೂ ಜ್ವರ ಬಂದರೂ
ಅಪ್ಪನೇ.

ಎಣ್ಣೆಬಟ್ಟೆ ಬಿಚ್ಚಿದೆ.
ಹುಡುಗ ಬಿಳಿ ಕೈಗವಸು ತೊಟ್ಟ.
ನನಗೆ ನಗು, ಅಪ್ಪ ಇದರ ಹಿಡಿಯಿಂದ
ಗೋಡಂಬಿ ಒಡೆದದ್ದನ್ನು ನೋಡಿದ್ದೇನೆ.

‘ಮತ್ತೆ ತರ್ತಿದ್ದೇವೆ’ ಎಂದ. ‘ಈ ಕಾಲಕ್ಕೆ ತಕ್ಕಂತೆ.
ತೂಕ ಅರ್ಧ. ಬೆಲೆ...’ ಬೆಲೆ ಹೇಳಲಿಲ್ಲ.
‘ಎಲ್ಲ ಬದಲಾಯಿಸಿ, ಆದರೆ ಹಿಡಿಯ ಎಡಕ್ಕಿರುವ ಈ ಗುಳಿ,
ಹೆಬ್ಬೆರಳಿನ ಈ ಗುಳಿ ಮುಟ್ಟಬೇಡಿ ಅಂತಾರೆ ಜನ,
ನೂರಕ್ಕೆ ಎಂಬತ್ತೊಂದು.
ವಿಚಿತ್ರ ಏನು ಗೊತ್ತಾ, ಹಳೇ ನಕ್ಷೆಯಲ್ಲೇ ಇಲ್ಲ ಇದು!
ಯಾರೋ ಮಹಾ ಡಿಸೈನರು ಕೊನೇ ಗಳಿಗೆಯಲ್ಲಿ...’

ಕಾಫಿ ತರುತ್ತೇನೆಂದು ಒಳಗೆ ಹೋದೆ.

ಒಳಗೆ ಗೋಡೆಯಲ್ಲಿ ಮಹಾ ಡಿಸೈನರು,
ಐರಿ ಕುಂಞಪ್ಪ, ಮೂರನೇ ಕ್ಲಾಸು,
ಫೋಟೋಗೆಂದು ಸಾಲ ತಂದ ಕೋಟು.
ಬಾಳುಗೋಡಿನ ಮಂದಣ್ಣನ ಬಲ ಹೆಬ್ಬೆರಳು
ಪಲ್ಪರ್ ಯಂತ್ರದಲ್ಲಿ ಕಾಫಿಹಣ್ಣಿನ ಜೊತೆ ಹೋಯಿತು,
ಗಿಣ್ಣಿನವರೆಗೆ.
ಉಳಿದ ಮೋಟು ಜಾರುತ್ತಿತ್ತು ಬೀಟೆಯ ಹಿಡಿಯ ಮೇಲೆ.
ಅಪ್ಪ ಅವನ ಕೈಗೆ ಮಸಿ ಬಳಿದು, ಹಿಡಿಸಿ, ಗುರುತು ನೋಡಿ
ಸಂಜೆಯವರೆಗೆ ಅರ ಹಾಕಿದ.
ಮೂರು ರೂಪಾಯಿ, ಅದರಲ್ಲಿ ಒಂದು ಬಾಕಿ.

ಆ ವರ್ಷದ ಪಂದ್ಯದಲ್ಲಿ ಮಂದಣ್ಣ
ಏಳು ತೆಂಗಿನಕಾಯಿಗೆ ಏಳನ್ನೂ ಸೀಳಿದ.
ಬೆಳಗಾದರೆ ನಮ್ಮ ಬಾಗಿಲಲ್ಲಿ ಸಾಲು,
ಹತ್ತೂ ಬೆರಳು ನೆಟ್ಟಗಿದ್ದವರು:
‘ಮಂದಣ್ಣನ ಗುಳಿ ನಮಗೂ.’
‘ನಿಮಗೆ ಒಗ್ಗೋದಿಲ್ಲ’ ಎಂದ ಅಪ್ಪ. ಕೇಳಲಿಲ್ಲ.
ಒಗ್ಗದ್ದನ್ನೇ ಒಗ್ಗಿಸಿಕೊಂಡರು. ಮಾರಿದರು, ಕೈ ಬದಲಾಯಿತು,
ಗುಳಿ ಘಟ್ಟ ಇಳಿಯಿತು.

ಕಾಫಿ ತಂದಾಗ ಅವನು ಅಳತೆ ಬರೆಯುತ್ತಿದ್ದ,
ಅರ ಒಮ್ಮೆ ಜಾರಿ ಆದ ಗೀರನ್ನೂ.
ಹೇಳಬೇಕೆಂದುಕೊಂಡೆ.
‘ಸಕ್ಕರೆ ಸಾಕೇ?’ ಎಂದು ಕೇಳಿದೆ.

ಕೈಲ್‌ಪೊಳ್ದಿಗೆ ನಾಲ್ಕು ದಿನ ಇರುವಾಗ ಬಂತು
ಮಖಮಲ್ಲಿನ ಪೆಟ್ಟಿಗೆಯಲ್ಲಿ ಹೊಸ ಕುಟ್ರ,
ಹೊತ್ತು ತಂದವನು ಮಂದಣ್ಣನ ಮೊಮ್ಮಗ ಬೋಜಣ್ಣ.
ಗುಳಿ ಇತ್ತು. ಗೀರೂ ಇತ್ತು.
ತಪ್ಪನ್ನು ಇಷ್ಟು ತಪ್ಪಿಲ್ಲದೆ ಮಾಡಿದ್ದನ್ನು
ನಾನು ಮೊದಲು ಕಂಡದ್ದು.
ಸ್ಲೈಡ್ ಎಳೆದೆ. ಹಕ್ಕಿ ಇರಲಿಲ್ಲ,
ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದು.

‘ಚೆಂದ ಇದೆ ಅಕ್ಕ’ ಎಂದ ಬೋಜಣ್ಣ,
‘ಆದರೆ ಹೆಬ್ಬೆರಳು ಎಲ್ಲಿಡೋದು ಗೊತ್ತಾಗ್ತಿಲ್ಲ.
ಈ ಗುಳಿ ಯಾಕೆ ಬಿಟ್ಟಿದ್ದಾರೋ. ತುಂಬಿಸಿ ಕೊಡ್ತೀರಾ?’
ಅವನ ಬೆರಳು ನೋಡಿದೆ. ಪೂರ್ತಿ ಇತ್ತು,
ಉಗುರಿನಡಿ ಕಾಫಿತೋಟದ ಮಣ್ಣು.

ಮಂಚದಡಿ ತಗಡಿನ ಡಬ್ಬಿಯಲ್ಲಿ
ಅಪ್ಪ ಬಿಸಾಡದೆ ಇಟ್ಟ ಬೀಟೆಪುಡಿ ಇದೆ,
ಅಂಟು ಮಾತ್ರ ಹೊಸದು ತರಬೇಕು.
‘ನಾಳೆ ಬಾ’ ಎಂದೆ.
‘ಎಷ್ಟಾಗುತ್ತೆ?’
ಒಂದು ರೂಪಾಯಿ ಹಳೇ ಬಾಕಿ ಇದೆ ಎಂದೆ,
ಅವನಿಗೆ ಅರ್ಥವಾಗಲಿಲ್ಲ.