ಹನ್ನೊಂದು

ಚಿಕ್ಕಬಳ್ಳಾಪುರ. ಮೌಲ್ಯಮಾಪನದ ನಾಲ್ಕನೇ ದಿನ.
ಎಂಟನೇ ತರಗತಿಯ ಬೆಂಚು, ಮೊಣಕಾಲು ಹಲಗೆಗೆ ತಗಲುತ್ತದೆ.
ಕಾಲೇಜಿಗೆ ಎಂಬತ್ತು ಸೀಟು, ಬರೆದವರು ಆರು ಸಾವಿರ.
ಮಿಕ್ಕಿದ್ದನ್ನೆಲ್ಲ ಯಂತ್ರ ತಿದ್ದುತ್ತದೆ,
ಪ್ರಬಂಧ ಮಾತ್ರ ನಮ್ಮ ಪಾಲು. ಇಪ್ಪತ್ತು ಅಂಕ.
ವಿಷಯ: ಸ್ವಚ್ಛತೆಯ ಮಹತ್ವ.

ಬೆಳಗಿನಿಂದ ಮೂವತ್ತೊಂದು ಪೀಠಿಕೆ,
ಮೂವತ್ತೊಂದರಲ್ಲೂ ಆರೋಗ್ಯವೇ ಭಾಗ್ಯ.
ಒಂದೇ ಟ್ಯೂಷನ್ನಿನ ತಟ್ಟೆಯಲ್ಲಿ ಬೆಂದ ಇಡ್ಲಿ.
ಹಳಿಯಬಾರದು, ಇಡ್ಲಿಯೂ ಹೊಟ್ಟೆ ತುಂಬಿಸುತ್ತದೆ:
ಹದಿನಾಲ್ಕು, ಹದಿನಾಲ್ಕು, ಹದಿನೈದು.

ಮೂವತ್ತೆರಡನೆಯದಕ್ಕೆ ಪೀಠಿಕೆಯೇ ಇಲ್ಲ.
ನಮ್ಮಮ್ಮ ಶಿಡ್ಲಘಟ್ಟದಲ್ಲಿ ಗೂಡು ಬಿಚ್ಚುತ್ತಾಳೆ,
ಅಲ್ಲಿಂದಲೇ ಶುರು.
ಕುದಿನೀರಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತಾಳಂತೆ,
ಸಂಜೆ ಮೂರು ಸಲ ಸೋಪು ಹಾಕಿದರೂ
ಬೆಂದ ಹುಳದ ವಾಸನೆ ಹೋಗುವುದಿಲ್ಲವಂತೆ,
ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುತ್ತಾಳಂತೆ,
ಕೈ ಎತ್ತಿದರೆ ಪಕ್ಕದವರು ಮುಖ ತಿರುಗಿಸುತ್ತಾರೆಂದು.
"ಆದರೆ ರೇಷ್ಮೆಗೆ ವಾಸನೆ ಇರಲ್ಲ.
ಹಂಗಾದ್ರೆ ಗಲೀಜು ಯಾರದು ಅಂತ ನಂಗೆ ಗೊತ್ತಾಗಿಲ್ಲ."
ಅಷ್ಟೇ. ಕೆಳಗೆ ಅರ್ಧ ಪುಟ ಖಾಲಿ.
ಸ್ವಚ್ಛತೆ ಎಂಬ ಪದ ಎರಡೇ ಸಲ,
ಎರಡು ಸಲಕ್ಕೂ ಬೇರೆ ಬೇರೆ ಕಾಗುಣಿತ.

ಅಂಕಸೂಚಿ ಪಕ್ಕದಲ್ಲೇ ಇತ್ತು:
ಪೀಠಿಕೆಗೆ ನಾಲ್ಕು, ವಿವರಣೆಗೆ ಹತ್ತು,
ಉಪಸಂಹಾರಕ್ಕೆ ಮೂರು, ಬರವಣಿಗೆಗೆ ಮೂರು.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.
ಹದಿನಾರು ಬರೆದೆ.
ಬರೆದು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡಿದೆ.

ಎರಡನೇ ಸುತ್ತಿನಲ್ಲಿ ನಾರೆಪ್ಪ ಸರ್ ಆರು ಕೊಟ್ಟರು.
ಕೆಟ್ಟವರಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಉಪ್ಸಾರು
ನನ್ನ ಮುದ್ದೆಗೂ ಬಗ್ಗಿಸಿದವರು.
"ಸೂಚಿ ಹಿಡಿದರೆ ಆರೂ ಜಾಸ್ತಿ ಮೇಡಂ," ಎಂದರು.
ನಿಜ.

ವ್ಯತ್ಯಾಸ ಹತ್ತು ದಾಟಿದರೆ ಮೂರನೆಯವರ ಕಣ್ಣಿಗೆ.
ಹತ್ತೇ ಆದರೆ ಸರಾಸರಿ.
ಹಸಿರು ಶಾಯಿಯಲ್ಲಿ ಬಿತ್ತು: ಹನ್ನೊಂದು.

ಆ ಹನ್ನೊಂದನ್ನು ನಾನು ಕೊಟ್ಟಿಲ್ಲ, ಅವರೂ ಕೊಟ್ಟಿಲ್ಲ.
ನನ್ನ ಬೆರಗು ಅದರಲ್ಲಿಲ್ಲ, ಅವರ ನಿಯತ್ತೂ ಇಲ್ಲ.
ಹದಿನೇಳು ಬರೆದಿದ್ದರೆ?
ಒಂದೇ ಒಂದು ಅಂಕದ ಧೈರ್ಯ
ಸಾಲಲಿಲ್ಲ ನನಗೆ, ಇಪ್ಪತ್ತೆರಡು ವರ್ಷ ಪಾಠ ಮಾಡಿದವಳಿಗೆ.

ಗುಪ್ತಸಂಖ್ಯೆ ಬರೆದುಕೊಳ್ಳಬಾರದು. ಬರೆದುಕೊಂಡೆ,
ಕೈಗೆ ಸಿಕ್ಕ ಟಿ.ಎ. ಬಿಲ್ಲಿನ ಹಿಂಬದಿಗೆ.
ಜೂನಿನಲ್ಲಿ ಕಾಲೇಜಿನ ಗೋಡೆಗೆ ಪಟ್ಟಿ ಅಂಟಿಸಿದರು.
ಅಲ್ಲಿದ್ದದ್ದು ಹಾಲ್ ಟಿಕೆಟ್ ನಂಬರು.
ಎರಡೂ ಒಂದನ್ನೊಂದು ಗುರುತಿಸುವುದಿಲ್ಲ.
ಎಂಬತ್ತನ್ನೂ ಓದಿದೆ, ಯಾರೋ ಪೋಷಕಿ ಅಂದುಕೊಂಡು
ವಾಚ್‌ಮನ್ ನೀರು ತಂದುಕೊಟ್ಟ.

ಬಿಲ್ಲನ್ನು ಮರೆತು ಆಫೀಸಿಗೇ ಕೊಟ್ಟುಬಿಟ್ಟಿದ್ದೆ.
ಮೊನ್ನೆ ಗುಮಾಸ್ತೆ ಕಲಾವತಿ ತಿರುಗಿಸಿ ನೋಡಿ ಕೇಳಿದಳು:
"ಇದೇನು ಮೇಡಂ ಐದಂಕಿ, ಕಿಲೋಮೀಟರಾ?
ಇಷ್ಟು ದೂರಕ್ಕೆಲ್ಲ ದುಡ್ಡು ಬರಲ್ಲ."