ಹಿಂದಿರುಗಿಸುವ ದಿನಾಂಕ

ಸೊಹಾರಿನಲ್ಲಿ ರಾತ್ರಿ ಹನ್ನೊಂದಾದರೂ
ಗೋಡೆ ಮುಟ್ಟಿದರೆ ಬಿಸಿ, ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ.
ವಲೇರಿಯನ್ ಪಾಳಿಗೆ ಹೊರಟ ಮೇಲೆ
ಇಸ್ತ್ರಿ ಮೇಜಿನಿಂದ ಅವನ ಅಂಗಿಗಳನ್ನೆತ್ತಿ
ಪುಸ್ತಕ ಇಡುತ್ತೇನೆ. ಏಳುನೂರ ಹನ್ನೆರಡು ಪುಟ,
ಮಗುವಿಗಿಂತ ಸ್ವಲ್ಪವೇ ಹಗುರ.
ಪರೀಕ್ಷೆಗಿನ್ನು ಹತ್ತೊಂಬತ್ತು ದಿನ.

ಬಜ್ಪೆಯ ಕನ್ನಡ ಶಾಲೆಯವಳು ನಾನು.
ಇಂಗ್ಲಿಷ್ ಮಾತನ್ನು ಒಮ್ಮೆ ಕನ್ನಡದಲ್ಲಿ ನೆನೆಹಾಕದೆ
ಗಂಟಲಿಗಿಳಿಯುವುದಿಲ್ಲ, ಒಣ ಅವಲಕ್ಕಿಯ ಹಾಗೆ.
ಹೆಡ್‌ಕೌಂಟ್ ಅಂದರೆ ತಲೆಯೆಣಿಕೆ. ಸರಿ.
ಅಟ್ರಿಶನ್ ಅಂದರೆ ಸವೆತ.
ಚಪ್ಪಲಿಗೆ ಹೇಳುವ ಮಾತು.
ಮಾನವ ಸಂಪನ್ಮೂಲ ಅಂದರೆ,
ಇದಕ್ಕೆ ನಕ್ಕುಬಿಟ್ಟೆ, ಮಗು ಮಗ್ಗುಲಾಯಿತು,
ಈ ದೇಶದಲ್ಲಿ ಸಂಪನ್ಮೂಲವೆಂದರೆ
ನೆಲಕ್ಕೆ ಕೊಳವೆ ಇಳಿಸಿ
ಬತ್ತುವ ತನಕ ಎತ್ತುವಂಥದ್ದು.

ಸವೆತಕ್ಕೊಂದು ಸೂತ್ರವಿದೆ:
ವರ್ಷದಲ್ಲಿ ಬಿಟ್ಟುಹೋದವರನ್ನು ಸರಾಸರಿ ತಲೆಗಳಿಂದ ಭಾಗಿಸು,
ನೂರರಿಂದ ಗುಣಿಸು.
ಅಭ್ಯಾಸಕ್ಕೆ ನಮ್ಮ ಕಂಪನಿಯದನ್ನೇ ಹಾಕಿದೆ.
ನೂರ ಹದಿನಾಲ್ಕು ತಲೆ, ಬಿಟ್ಟವರು ಮೂವರು.
ಹೆಚ್ಚು ಸಂಬಳಕ್ಕೆ ಕತಾರಿಗೆ ಹಾರಿದ ವೆಲ್ಡರ್ ಅನ್ಸಾರುಲ್,
ಸಕ್ಕರೆ ಕಾಯಿಲೆಗೆ ಕಾಲು ಕೊಟ್ಟು ಪೆಶಾವರಕ್ಕೆ ಮರಳಿದ ಗುಲ್ ಜಮಾನ್,
ಜುಲೈಯಲ್ಲಿ ನೀರು ಕುಡಿದು ನೆರಳಲ್ಲಿ ಕೂತವನು
ಮತ್ತೆ ಏಳದೆ ಕಾರ್ಗೋದಲ್ಲಿ ಹೋದ ಪದಮ್ ಬಹಾದ್ದೂರ್.
ಶೇಕಡ ಎರಡು ಪಾಯಿಂಟ್ ಆರು ಮೂರು.
ಅತ್ಯುತ್ತಮ ಮಟ್ಟ, ಎನ್ನುತ್ತದೆ ಪುಸ್ತಕ.

ಪುಟ ಐನೂರ ಆರು. ನೀತಿ. ಮಾದರಿ ಪ್ರಶ್ನೆ ಇಪ್ಪತ್ತೆರಡು.
ಕಾರ್ಮಿಕರ ಪಾಸ್‌ಪೋರ್ಟುಗಳನ್ನು ಸಂಸ್ಥೆ
ತನ್ನ ಕಪಾಟಿನಲ್ಲಿ ಇರಿಸಿಕೊಂಡಿದೆ.
ನೀವು ಮೊದಲು ಏನು ಮಾಡುವಿರಿ?
ಪೆನ್ಸಿಲ್ ಒಂದು ಕ್ಷಣವೂ ತಡೆಯದೆ ಸಿ ಅಕ್ಷರವನ್ನು ಸುತ್ತಿತು.
ಕೊನೆಯ ಪುಟ ತಿರುಗಿಸಿ ನೋಡಿದೆ. ಸರಿಯುತ್ತರ.
ಆ ಕಪಾಟಿನ ಕೀಲಿ ನನ್ನ ಪರ್ಸಿನಲ್ಲಿದೆ,
ಜ್ವರದ ಸಿರಪ್ಪಿನ ಚೀಟಿಯ ಕೆಳಗೆ,
ಅಮ್ಮ ಕೊಟ್ಟ ಮರಿಯಮ್ಮನ ಪದಕದ ಜೊತೆ ಒಂದೇ ಬಳೆಯಲ್ಲಿ.

ಕಳೆದ ವಾರ ದಂಬರ್ ರಾಯ್ ಬಂದಿದ್ದ.
ಹೆಲ್ಮೆಟ್ ಕೈಯಲ್ಲಿ, ಬೂಟು ಬಾಗಿಲಾಚೆ.
ಒಮ್ಮೆ ನೋಡಿ ಇಲ್ಲೇ ಕೊಡ್ತೇನೆ ಮ್ಯಾಡಂ,
ಅದರೊಳಗಿನ ಫೋಟೋದಲ್ಲಿ ನನಗಿನ್ನೂ ಮೀಸೆ ಬಂದಿಲ್ಲ.
ಫಾರಂ ತುಂಬಿಸು, ಅಂದೆ. ಮೂರು ಪ್ರತಿ.
ಕಾರಣದ ಎದುರು ಅವನು ಬರೆದ: ನೋಡಲಿಕ್ಕೆ.
ಸಾಹೇಬರು ಕೆಂಪಿನಲ್ಲಿ ಬರೆದರು: ಕಾರಣ ಸಾಲದು.
ಫೈಲಿಗೆ ಹಾಕಿದವಳು ನಾನು.

ಇವತ್ತು ಪರೀಕ್ಷೆಯವರ ಪತ್ರ ಬಂತು.
ಮಸ್ಕತ್ತಿನ ಕೇಂದ್ರ, ಬೆಳಗ್ಗೆ ಒಂಬತ್ತು,
ಗುರುತಿಗೆ ಮೂಲ ಪಾಸ್‌ಪೋರ್ಟ್ ಮಾತ್ರ.
ಮೂಲ.
ನನ್ನದೂ ಅಲ್ಲೇ ಇದೆಯಲ್ಲ, ಎರಡನೇ ಅರೆ, ನಂಬರ್ ಎಪ್ಪತ್ತೊಂದು.
ಕೀಲಿ ಕೈಗೆ ಬಂದ ದಿನ ನಾನೇ ಇಟ್ಟದ್ದು,
ಎಲ್ಲರಿಗೂ ಒಂದೇ ನಿಯಮ ಅಂತ, ಹೆಮ್ಮೆಯಿಂದ.

ಕೀಲಿ ತಿರುಗಿಸಿ ತೆಗೆದುಕೊಂಡರೆ ಕೇಳುವವರು ಯಾರು?
ಆದರೂ ಬೆಳಗ್ಗೆ ಆರೂವರೆಗೆ,
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿರುವಾಗ,
ಕಟ್ಟಿನಿಂದ ಮೂರು ಹಾಳೆ ಎಳೆದೆ.
ಹೆಸರು: ಎವ್ಲಿನ್ ಕುಟಿನ್ಹೊ.
ಕಾರಣ: ಪರೀಕ್ಷೆ ಎಂದು ಬರೆದೆ. ಹೊಡೆದುಹಾಕಿದೆ.
ನೋಡಲಿಕ್ಕೆ, ಎಂದು ಬರೆದೆ.
ಅಕ್ಷರ ನನ್ನದಲ್ಲವೇನೋ ಎನ್ನುವಷ್ಟು ಸೊಟ್ಟ.

ಹಿಂದಿರುಗಿಸುವ ದಿನಾಂಕ.
ಹೊರಗೆ ಕ್ಯಾಂಪಿನ ಬಸ್ಸು ನಿಂತ ಸದ್ದು.
ಒಬ್ಬೊಬ್ಬರೇ ಇಳಿಯುತ್ತಿದ್ದಾರೆ, ಎಣಿಸಲು ಹೋಗಬೇಕು.
ಪೆನ್ನಿನ ಮುಚ್ಚಳ ಹಾಕದೆ
ಎದ್ದೆ.