ತಗ್ಗು ಬಿದ್ದ ತಾಟು

ಗುಡ್ ಫ್ರೈಡೆ ಇನ್ನ ಮೂರು ದಿನ ಇತ್ತು.
ಕೂಟದಿಂದ ಬಂದ, ರಾತ್ರಿ ಹನ್ನೊಂದಕ್ಕ.
ಕಣ್ಣು ಕೆಂಪಗಿದ್ದವು. ಕುಡಿದಿಲ್ಲ ಅಂತ
ಬಾಗಿಲಾಗೇ ಬಾಯಿ ತೆರೆದು ಉಸಿರು ತೋರಿಸಿದ.
'ದೀನಮ್ಮ, ನಾ ಹೊಸಬ ಆದೆ' ಅಂದ.
ನಾ ಹಾಸಿಗಿ ಝಾಡಿಸಿದೆ.
ಕಪನೂರಿನ ದಾಲ್ ಮಿಲ್ಲಿನ ಹೊಟ್ಟು
ಅವನ ಅಂಗಿಯಿಂದ ದಿನದಂಗೇ ಉದುರಿತು.

ಈಸ್ಟರ್ ಕಳೆದ ಮಂಗಳವಾರ
ಬ್ಯಾಳ್ಯಾಗ ಉಪ್ಪು ಹೆಚ್ಚಾತಂತ ತಾಟು ಎಸೆದ.
ಗೋಡಿಗಿ ಬಡಿದು, ಹೊಸ್ತಲಕ್ಕ ಬಡಿದು,
ಭಾಳ ಹೊತ್ತು ತಿರುಗಿ ತಿರುಗಿ ನಿಂತಿತು.
ನಾ ನಕ್ಕೆ. ಅವನ ಮುಂದ ಹೆದರದೆ ನಕ್ಕಿದ್ದು ಅದೇ ಮೊದಲು.
'ಹೊಸಬ ಎಲ್ಲಿ ಹೋದ? ಸೇಡಂ ಬಸ್ಸು ಹತ್ತಿದನೇನು?'

ಉತ್ತರ ಕೊಡಲಿಲ್ಲ.
ಮೊಣಕಾಲೂರಿ, ನೆಲದ ಮ್ಯಾಲಿನ ಬ್ಯಾಳಿ
ಅಂಗೈಲೆ ಬಳಿದ. ತಾಟು ತೊಳೆದ.
ತಗ್ಗು ಬಿದ್ದ ಅದೇ ತಾಟಿನ್ಯಾಗ ಉಂಡ.
ಮರುದಿನಾನೂ. ಅದರ ಮರುದಿನಾನೂ.
ಸೂಪರ್ ಮಾರ್ಕೆಟ್ಟಿನ ಒಲಿ ರಿಪೇರಿಯವ
ಬಡಿದು ಸರಿ ಮಾಡ್ತಾನ, ಕೊಡು ಅಂದ್ರ
'ಬ್ಯಾಡ, ಇರ್ಲಿ' ಅಂದ.

ತೊಗರಿ ಒಂದೇ ಸಲಕ್ಕ ಬ್ಯಾಳಿ ಆಗಂಗಿಲ್ಲ, ಅಂತಿದ್ದ.
ಮೊದಲ ರೋಲಿಗೆ ಬರೇ ಗೀರು ಬೀಳ್ತದ.
ಎಣ್ಣಿ ಹಚ್ಚಬೇಕು, ಮಾಳಿಗಿ ಮ್ಯಾಲ ಹರಡಬೇಕು,
ನಮ್ಮ ಕಲಬುರಗಿ ಬಿಸಿಲಿಗೆ ಒಣಗಬೇಕು,
ರಾತ್ರಿ ರಾಶಿ ಮಾಡಿ ತಾಡಪತ್ರಿ ಹೊದಿಸಿದ್ರ
ಒಳಗೊಳಗೇ ಬೆವರಬೇಕು.
ಮತ್ತ ರೋಲು. ಅಷ್ಟಾದ ಮ್ಯಾಲೂ
ಮುಷ್ಟಿ ಹಿಡಿದು ನೋಡು, ಹತ್ತರಾಗ ಮೂರು
ಸಿಪ್ಪಿ ಬಿಟ್ಟಿರಂಗಿಲ್ಲ.
'ಅವನ್ನ ಚೆಲ್ತೀರೇನು?' ಕೇಳಿದೆ.
'ಹುಚ್ಚಿ! ಜರಡಿ ಹಿಡಿದು ಬ್ಯಾರೆ ಮಾಡ್ತೇವ,
ನೀರು ಚಿಮುಕಿಸಿ ಮತ್ತ ಅದೇ ಬಾಯಿಗಿ ಹಾಕ್ತೇವ.
ತೊಗರಿ ತಾನಾಗೇ ಸಿಪ್ಪಿ ಬಿಡಂಗಿಲ್ಲ ದೀನಿ,
ಬಿಡಂಗ ಹದ ಮಾಡಾವ ಒಬ್ಬ ಇರ್ತಾನ.'

ಹನ್ನೊಂದು ವರ್ಷ. ನಾ ಎಣಿಸೀನಿ.
ಎರಡನೇ ವರ್ಷ ಕೈ ಎತ್ತಿದ, ಅಲ್ಲೇ ನಿಲ್ಲಿಸಿದ,
ಎತ್ತಿದ್ದನ್ನ ಎಲ್ಲಿಡಬೇಕು ತಿಳೀದೆ
ಗೂಡಿನ್ಯಾಗಿನ ಕಡ್ಡಿಪೆಟ್ಟಿಗಿ ತಗೊಂಡ.
ನಾಕನೇ ವರ್ಷ ಬೈಗುಳ ಬಾಯಿತನಕ ಬಂದು
ಕೆಮ್ಮಾಗಿ ಹೋತು.
ಆರನೇದ್ರಾಗ ಮತ್ತ ಕುಡಿದ, ಒಂದು ವಾರ ಪೂರ್ತಿ.
ಎಂಟನೇ ದಿನ ಹಮಾಲರ ಮುಂದ ನಿಂತು
ಅವರ ಚಿಟ್ಟಿ ರೊಕ್ಕದಾಗ ಯಾವಾಗೋ ಕದ್ದ
ಆರುನೂರ ನಲವತ್ತು ಎಣಿಸಿಕೊಟ್ಟನಂತ.
ನನಗ ಹೇಳಿದ್ದು ಅವನಲ್ಲ, ಹಮಾಲ ಗೌಸುದ್ದೀನ.
ನಂಬಲಿಕ್ಕ ನನಗ ಇನ್ನೆರಡು ವರ್ಷ ಹಿಡೀತು.

ಹೋದ ಐತವಾರ ಗುಡ್ಯಾಗ
'ದೀನಮ್ಮ ತಾಯಿ ಸಾಕ್ಷಿ ಹೇಳಲಿ' ಅಂದರು ಪಾಸ್ಟರು.
ಸೆರಗು ತಲಿಮ್ಯಾಲ ಎಳಕೊಂಡು ಎದ್ದೆ.
ಅವ ಗಂಡಸರ ಸಾಲಿನ್ಯಾಗ ತಲಿ ತಗ್ಗಿಸಿ ಕುಂತಿದ್ದ.
ನನ್ನ ನಾಲಿಗಿಗಿ ಬಂದದ್ದು
ಕಡ್ಡಿಪೆಟ್ಟಿಗಿ ಅಲ್ಲ, ಎಣಿಸಿಕೊಟ್ಟ ರೊಕ್ಕ ಅಲ್ಲ:
ಗೋಡಿ, ಹೊಸ್ತಲ,
ತಿರುಗಿ ತಿರುಗಿ ನಿಂತ ಆ ಸಪ್ಪಳ.

ದಿನಾ ಭಾಂಡಿ ತಿಕ್ಕುವಾಗ
ಹೆಬ್ಬೆಟ್ಟು ತಾನಾಗೇ ಆ ತಗ್ಗಿಗಿ ಹೋಗ್ತದ.
ಉಳಿದ ಕಡಿಗಿಂತ ಅಲ್ಲೇ ಹೆಚ್ಚು ತಿಕ್ಕೀನಿ,
ಅಲ್ಲೇ ಹೆಚ್ಚು ಹೊಳೀತದ.
ಅವ ಅದನ್ನ ಇಟ್ಟುಕೊಂಡದ್ದು ತನ್ನ ನೆನಪಿಗಿ.
ನಾ ಇಟ್ಟುಕೊಂಡಿದ್ದೆ,
ಸಾಹುಕಾರ ಹಳೇ ಚೀಟಿ ಇಟ್ಟುಕೊಂಡಂಗ.
ಪ್ರಾರ್ಥನಿ ಮಾಡೀನಿ, ಉಪವಾಸ ಮಾಡೀನಿ,
ಅವನು ಬದಲಾಗಲಿ ಅಂತ, ಬರೇ ಅವನು.

'ಸ್ತೋತ್ರ' ಅಂದು ಕುಂತೆ. ಮುಂದ ಮಾತು ಹೊಂಡಲಿಲ್ಲ.

ನಿನ್ನೆ ರಾತ್ರಿ
ಒಳ್ಳೆ ತಾಟು ಅವನ ಮುಂದ ಇಟ್ಟೆ.
ತಗ್ಗಿಂದು ನನ್ನ ಮುಂದ.
'ಅದು ನಂದು' ಅಂದ.
'ಗೊತ್ತದ' ಅಂದೆ.
ಸೌಟು ಬಗ್ಗಿಸಿದೆ.
ಬ್ಯಾಳಿ ಅಂಚಿನಿಂದ ಹರಿದು
ತಗ್ಗಿಗಿ ಬಂದು ನಿಂತಿತು.
ಉಪ್ಪು ಕಡಿಮಿ ಇತ್ತು.
ಇಬ್ಬರೂ ಹೇಳಲಿಲ್ಲ.